ಓದುಗರ ಪ್ರಶ್ನೆ: ಠರಾವು ಪುಸ್ತಕ, ಮನೆಪಟ್ಟಿ ಮತ್ತು ಜಮಾಬಂದಿ

ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳಿಂದ ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಬಹುಪಾಲು ಗ್ರಾಮ ಪಂಚಾಯತಿಯ ದಿನನಿತ್ಯದ ಕೆಲಸಕ್ಕೆ ಸಂಬಂಧಿಸಿದವು. ಬರೆದವರ ಹೆಸರು ಮತ್ತು ಊರನ್ನು ಬಿಟ್ಟು ತಾಲ್ಲೂಕನ್ನು ಮಾತ್ರ ಉಳಿಸಿಕೊಂಡಿದ್ದೇವೆ. ನಾಳೆಯೂ ಅವರು ಅದೇ ಕಚೇರಿಯ ಬಾಗಿಲಿಗೆ ಹೋಗಬೇಕಾದವರು.

ಪ್ರಶ್ನೆ: ನಾನು ಮಹಿಳಾ ಮೀಸಲು ಸ್ಥಾನದಿಂದ ಆಯ್ಕೆಯಾದ ಸದಸ್ಯೆ. ತಿಂಗಳ ಸಭೆ ಇದೆಯೆಂದು ಹಿಂದಿನ ರಾತ್ರಿ ಫೋನ್ ಬರುತ್ತದೆ. ಕೆಲವು ಸಲ ಅದೂ ಇಲ್ಲದೆ ಜವಾನರು ಠರಾವು (ನಿರ್ಣಯ) ಪುಸ್ತಕವನ್ನು ಮನೆಗೆ ತಂದು ಸಹಿ ಮಾಡಿಸಿಕೊಂಡು ಹೋಗುತ್ತಾರೆ. ಒಮ್ಮೆ ಸಭೆಗೆ ಹೋಗಿ ನಮ್ಮ ವಾರ್ಡಿನ ಗಟಾರದ ವಿಷಯ ಎತ್ತಿದೆ, ಎಲ್ಲರೂ ಒಪ್ಪಿದರು. ಆದರೆ ನಡವಳಿಯಲ್ಲಿ ಆ ವಿಷಯವೇ ಇರಲಿಲ್ಲ. ನಾನು ಏನು ಮಾಡಬೇಕು? (ಆಳಂದ ತಾಲ್ಲೂಕು)

ಉತ್ತರ: ಮನೆಗೆ ಬಂದ ಪುಸ್ತಕಕ್ಕೆ ಸಹಿ ಹಾಕಬೇಡಿ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕಾರ ಗ್ರಾಮ ಪಂಚಾಯತಿಯು ತಿಂಗಳಿಗೆ ಒಂದು ಸಲವಾದರೂ ಸಭೆ ಸೇರಬೇಕು. ಸಾಮಾನ್ಯ ಸಭೆಗೆ ಪೂರ್ಣ ಏಳು ದಿನ ಮೊದಲು, ವಿಶೇಷ ಸಭೆಗೆ ಪೂರ್ಣ ಮೂರು ದಿನ ಮೊದಲು ಸದಸ್ಯರಿಗೆ ನೋಟಿಸ್ ತಲುಪಬೇಕು. ಆ ನೋಟಿಸಿನಲ್ಲಿ ದಿನ, ಸಮಯ, ಸ್ಥಳಗಳ ಜೊತೆಗೆ ಸಭೆಯ ಮುಂದೆ ಬರುವ ವಿಷಯಗಳೂ ಇರಬೇಕು. ಹಿಂದಿನ ರಾತ್ರಿಯ ಫೋನ್ ಕರೆ ನೋಟಿಸ್ ಆಗುವುದಿಲ್ಲ. ಹಾಗೆ ಕರೆದಾಗ ಹೋಗಬೇಡಿ ಎಂದು ನಾವು ಹೇಳುವುದಿಲ್ಲ. ಹೋಗಿ, ಆದರೆ ನೋಟಿಸ್ ಯಾವ ದಿನ ಕೈಗೆ ಬಂದಿತೆಂಬುದನ್ನು ಹಾಜರಾತಿಯ ಸಹಿಯ ಪಕ್ಕದಲ್ಲೇ ನಿಮ್ಮ ಕೈಬರಹದಲ್ಲಿ ಬರೆಯಿರಿ. ಆ ಒಂದು ಸಾಲು ಮುಂದೆ ತಕರಾರು ಎದ್ದಾಗ ನಿಮ್ಮ ನೆರವಿಗೆ ಬರುತ್ತದೆ.

ನಡವಳಿ ಪುಸ್ತಕದ ಪುಟ ಹೇಗಿರುತ್ತದೆ ಎಂಬುದನ್ನು ನೀವು ತಿಳಿದಿರಬೇಕು. ಮೇಲ್ಭಾಗದಲ್ಲಿ ಸಭೆಯ ದಿನಾಂಕ ಮತ್ತು ಅಧ್ಯಕ್ಷತೆ ವಹಿಸಿದವರ ಹೆಸರು, ಅದರ ಕೆಳಗೆ ಹಾಜರಿದ್ದ ಸದಸ್ಯರ ಹೆಸರು ಮತ್ತು ಸಹಿ, ಆಮೇಲೆ ವಿಷಯದ ಸಂಖ್ಯೆ, ಅದರ ಮೇಲೆ ನಡೆದ ಚರ್ಚೆಯ ಸಾರಾಂಶ, ಸೂಚಿಸಿದವರ ಮತ್ತು ಅನುಮೋದಿಸಿದವರ ಹೆಸರು, ಕೊನೆಗೆ ಠರಾವಿನ ಸಂಖ್ಯೆ ಮತ್ತು ಒಕ್ಕಣೆ ಇರುತ್ತವೆ. ಕೆಲವು ಪಂಚಾಯತಿಗಳಲ್ಲಿ ಸದಸ್ಯರ ಸಹಿಯನ್ನು ಮೊದಲೇ ಪಡೆದು, ಬಿಟ್ಟ ಜಾಗದಲ್ಲಿ ಠರಾವುಗಳನ್ನು ನಂತರ ತುಂಬುವ ರೂಢಿ ಇದೆ. ಆದ್ದರಿಂದ ಕೊನೆಯ ಠರಾವು ಎಲ್ಲಿ ಮುಗಿಯುತ್ತದೆಯೋ ಅದರ ಕೆಳಗೆ ಅಡ್ಡಗೆರೆ ಎಳೆಯಿಸಿ, ಬಳಿಕ ಸಹಿ ಮಾಡಿರಿ. ಇದಕ್ಕೆ ಯಾರಾದರೂ ಬೇಸರಪಟ್ಟುಕೊಂಡರೆ ಪಟ್ಟುಕೊಳ್ಳಲಿ.

ಗಟಾರದ ವಿಷಯಕ್ಕೆ ಬರೋಣ. ಸಭೆಯಲ್ಲಿ ಎಲ್ಲರೂ ತಲೆಯಾಡಿಸಿದ್ದರಿಂದ ಕೆಲಸ ಮಂಜೂರಾಗುವುದಿಲ್ಲ. ಅಂದಾಜುಪಟ್ಟಿ ಮಾಡುವ ಎಂಜಿನಿಯರರಾಗಲಿ, ಬಿಲ್ ಪಾವತಿಸುವ ಪಂಚಾಯತಿ ಅಭಿವೃದ್ಧಿ ಅಧಿಕಾರಿಯಾಗಲಿ (ಪಿಡಿಒ) ಠರಾವಿನ ಸಂಖ್ಯೆಯನ್ನು ಕೇಳುತ್ತಾರೆಯೇ ಹೊರತು ಸಭೆಯಲ್ಲಿ ಯಾರು ಏನೆಂದರು ಎಂಬುದನ್ನಲ್ಲ. ಇನ್ನು ಮುಂದೆ ಯಾವುದೇ ವಿಷಯವನ್ನು ಬಾಯಿಮಾತಿನಲ್ಲಿ ಎತ್ತುವ ಬದಲು, ನೋಟಿಸ್ ಹೊರಡುವ ಮೊದಲೇ ಅಧ್ಯಕ್ಷರ ಹೆಸರಿಗೆ ಅರ್ಧ ಪುಟದ ಅರ್ಜಿ ಬರೆದು, ‘ನನ್ನ ವಾರ್ಡಿನ ಇಂಥ ಮನೆಯಿಂದ ಇಂಥ ಮನೆಯವರೆಗಿನ ಗಟಾರದ ದುರಸ್ತಿಯನ್ನು ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಸೇರಿಸಬೇಕು’ ಎಂದು ಕೇಳಿ, ಆವಕ ಸಂಖ್ಯೆ (ಕಚೇರಿಗೆ ಬಂದ ಪತ್ರಗಳ ದಾಖಲೆ ಸಂಖ್ಯೆ) ಹಾಕಿದ ಸ್ವೀಕೃತಿಯನ್ನು ಪಡೆಯಿರಿ. ಸಭೆಯ ಆರಂಭದಲ್ಲಿ ಹಿಂದಿನ ಸಭೆಯ ನಡವಳಿಯನ್ನು ಓದಿ ದೃಢೀಕರಿಸುವ ಕ್ರಮವಿದೆ. ‘ಓದಿದಂತೆ ಭಾವಿಸೋಣ’ ಎಂದು ದಾಟಿಸುವುದು ಎಲ್ಲ ಕಡೆಯೂ ನಡೆಯುವ ಮಾತು. ನೀವು ಓದಿಸಿರಿ, ಬಿಟ್ಟುಹೋದದ್ದನ್ನು ಅಲ್ಲಿಯೇ ಹೇಳಿರಿ, ಒಪ್ಪಿಗೆ ಇಲ್ಲದ ಠರಾವಿಗೆ ನಿಮ್ಮ ಅಸಮ್ಮತಿಯನ್ನು ದಾಖಲಿಸಲು ಕೇಳಿರಿ. ಸಭೆಯನ್ನೇ ಕರೆಯದಿದ್ದರೆ ಒಟ್ಟು ಸದಸ್ಯರಲ್ಲಿ ಮೂರನೆಯ ಒಂದರಷ್ಟು ಮಂದಿ ಸಹಿ ಮಾಡಿ ಲಿಖಿತವಾಗಿ ಕೋರಿದಾಗ ಅಧ್ಯಕ್ಷರು ವಿಶೇಷ ಸಭೆ ಕರೆಯಬೇಕಾಗುತ್ತದೆ. ಅದೂ ಆಗದಿದ್ದರೆ ತಾಲ್ಲೂಕು ಪಂಚಾಯತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ದೂರು ಕೊಡಬಹುದು.

ಪತ್ರದ ಕೊನೆಯಲ್ಲಿ ನೀವು ಸಂಕೋಚದಿಂದ ಬರೆದ ಇನ್ನೊಂದು ಸಂಗತಿ ಇದೆ: ನಿಮ್ಮ ಯಜಮಾನರು ಒಂದೆರಡು ಸಲ ನಿಮ್ಮ ಪರವಾಗಿ ಸಭೆಯಲ್ಲಿ ಕುಳಿತಿದ್ದಾರೆ. ರಾಜ್ಯದ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟದ್ದು ಆ ಕುರ್ಚಿಯಲ್ಲಿ ಅವರೇ ಕೂರಲೆಂದು. ಪತಿ, ಮಗ ಅಥವಾ ಮೈದುನ ಸಭೆಯಲ್ಲಿ ಕೂರುವುದಕ್ಕೆ ಕಾನೂನಿನಲ್ಲಿ ಜಾಗವಿಲ್ಲ, ಸದಸ್ಯೆಯ ಪರವಾಗಿ ಅವರು ಮಾಡಿದ ಸಹಿಗೆ ಬೆಲೆಯೂ ಇಲ್ಲ. ಹಾಗೆ ಕೂತ ಸಭೆಯ ಠರಾವಿನ ಮೇಲೆ ಎದುರಾಳಿಗಳು ತಕರಾರು ಎತ್ತಿದರೆ ಉತ್ತರಿಸಬೇಕಾದವರು ನೀವು.

ಪ್ರಶ್ನೆ: ಮನೆಯ ಉತಾರಕ್ಕೆಂದು (ದಾಖಲೆಯ ಪ್ರತಿಗೆಂದು) ಪಂಚಾಯತಿಗೆ ಹೋದರೆ ನಾಡಕಚೇರಿಗೆ ಕಳಿಸುತ್ತಾರೆ, ಅಲ್ಲಿಂದ ಪುನಃ ಪಂಚಾಯತಿಗೆ. ನಮ್ಮ ಹಳೆಯ ಮನೆ ಗಾಂವಠಾಣದಲ್ಲಿ (ಊರಿನ ಮೂಲ ವಸತಿ ಪ್ರದೇಶದಲ್ಲಿ) ಇದೆ, ಮಗ ಕಟ್ಟಿಸಿದ ಮನೆ ಊರ ಹೊರಗಿನ ಸ್ವಂತ ಹೊಲದಲ್ಲಿದೆ. (ಜೇವರ್ಗಿ ತಾಲ್ಲೂಕು)

ಉತ್ತರ: ನಿಮ್ಮನ್ನು ಅಲೆದಾಡಿಸಿದವರಿಬ್ಬರೂ ಅರ್ಧರ್ಧ ಸರಿ. ಹೊಲದ ಪಹಣಿ, ಮುಟೇಶನ್, ಜಾತಿ ಮತ್ತು ಆದಾಯ ಪ್ರಮಾಣಪತ್ರ ಕಂದಾಯ ಇಲಾಖೆಗೆ ಸೇರಿದವು. ಹಿಂದೆ ಗ್ರಾಮ ಲೆಕ್ಕಿಗರೆಂದು ಕರೆಯುತ್ತಿದ್ದ, ಈಗ ಗ್ರಾಮ ಆಡಳಿತಾಧಿಕಾರಿ ಎನಿಸಿಕೊಂಡವರು ಆ ಇಲಾಖೆಯ ನೌಕರರು. ಪಂಚಾಯತಿ ಕಟ್ಟಡದಲ್ಲಿಯೇ ಅವರಿಗೂ ಒಂದು ಮೇಜು ಇರುವ ಊರುಗಳಲ್ಲಿ ಈ ಗೊಂದಲ ಇನ್ನೂ ಹೆಚ್ಚು. ಮನೆ ಮತ್ತು ನಿವೇಶನದ ದಾಖಲೆ ಪಂಚಾಯತಿಯದು, ಅದು ಇ-ಸ್ವತ್ತು ತಂತ್ರಾಂಶದ ಮೂಲಕ ಸಿಗುತ್ತದೆ. ಗಾಂವಠಾಣದೊಳಗಿನ ಹಳೆಯ ಮನೆಗೆ ನಮೂನೆ 9 ಮತ್ತು ಅದರ ಜೊತೆಗೆ ನಮೂನೆ 11ಎ ಬರುತ್ತವೆ. ಮನೆ ಗಾಂವಠಾಣದ ಗಡಿಯೊಳಗೆ ಇದೆಯೆಂಬುದಕ್ಕೆ ಭೂಮಾಪಕರು ಅಳತೆ ಮಾಡಿದ ನಕ್ಷೆ ಬೇಕಾಗುವುದರಿಂದ ಅಷ್ಟರ ಮಟ್ಟಿಗೆ ಕಂದಾಯದವರ ಕಡೆಗೆ ಹೋಗುವುದು ತಪ್ಪುವುದಿಲ್ಲ. ಕೇಂದ್ರದ ಸ್ವಾಮಿತ್ವ ಯೋಜನೆಯಡಿ ಡ್ರೋನ್ ಅಳತೆ ಮುಗಿದ ಊರಾಗಿದ್ದರೆ ಆ ನಕ್ಷೆಯನ್ನು ಮೊದಲು ವಿಚಾರಿಸಿರಿ. ಮಗನ ಮನೆಯ ಸ್ಥಿತಿ ಬೇರೆ: ಹೊಲವನ್ನು ಬಿನ್‌ಶೇತ್ಕಿ (ಕೃಷಿಯೇತರ ಬಳಕೆಗೆ ಪರಿವರ್ತನೆ) ಮಾಡಿಸದೆ ಕಟ್ಟಿದ್ದರೆ ಅದಕ್ಕೆ ನಮೂನೆ 9 ಸಿಗುವುದಿಲ್ಲ. ಅಂಥ ಆಸ್ತಿಗಳಿಗೆಂದೇ ನಮೂನೆ 11ಬಿ ಇದೆ. ಅದರ ಮೇಲೆ ಪಂಚಾಯತಿಯು ಪಟ್ಟಿ (ತೆರಿಗೆ) ವಸೂಲು ಮಾಡುತ್ತದೆ, ಆದರೆ ಅದರಿಂದ ಹೊಲವು ನಿವೇಶನವಾಗಿ ಮಾರ್ಪಡುವುದಿಲ್ಲ.

ಪ್ರಶ್ನೆ: ಈ ವರ್ಷ ಮನೆಪಟ್ಟಿಯ ಡಿಮ್ಯಾಂಡ್ ನೋಟಿಸ್ ಹಿಂದಿನದಕ್ಕಿಂತ ಬಹಳ ಹೆಚ್ಚಾಗಿ ಬಂದಿದೆ. ಬಿಲ್ ಕಲೆಕ್ಟರ್ ‘ಈಗ ಇಷ್ಟು ಕೊಡಿ, ರಸೀದಿ ಆಮೇಲೆ’ ಎನ್ನುತ್ತಾರೆ. ಕಟ್ಟಬೇಕೆ? (ಭಾಲ್ಕಿ ತಾಲ್ಲೂಕು)

ಉತ್ತರ: ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕರ ವಸೂಲಿಯೆಲ್ಲ ಈಗ ಪಂಚತಂತ್ರ ತಂತ್ರಾಂಶದಲ್ಲಿ ದಾಖಲಾಗಬೇಕು; ಗಣಕದಲ್ಲಿ ಹುಟ್ಟಿದ ರಸೀದಿಯಲ್ಲಿ ನಿಮ್ಮ ಆಸ್ತಿಯ ಸಂಖ್ಯೆ, ಯಾವ ವರ್ಷದ ಬಾಕಿ, ಯಾವ ವರ್ಷದ ಚಾಲ್ತಿ ಎಂಬುದು ಬೇರೆಬೇರೆಯಾಗಿ ಬರುತ್ತದೆ. ಕೈಯಲ್ಲಿ ಬರೆದ ಚೀಟಿಯನ್ನು ನಂಬಿ ಕೂತವರು ಮೂರು ವರ್ಷದ ಮೇಲೆ ಅದೇ ಬಾಕಿಯನ್ನು ಎರಡನೆಯ ಸಲ ಕಟ್ಟಿದ ಸಂಗತಿಗಳು ನಮಗೆ ಬಂದ ಪತ್ರಗಳಲ್ಲಿ ಹೊಸದೇನಲ್ಲ.

ಮೊತ್ತ ಹೆಚ್ಚಾದದ್ದರ ಬಗ್ಗೆ ಮೊದಲು ಕಾರಣ ನೋಡಿ. ಮಣ್ಣಿನ ಮಾಳಿಗೆ ಇದ್ದಲ್ಲಿ ಆರ್‌ಸಿಸಿ ಛತ್ತು ಬಂದಿದೆಯೆ, ಮುಂಭಾಗದಲ್ಲಿ ಕಿರಾಣಿ ಅಂಗಡಿ ಎದ್ದಿದೆಯೆ, ಅಳತೆಯಲ್ಲಿ ಅಂಗಳವನ್ನೂ ಕಟ್ಟಡವೆಂದು ಸೇರಿಸಿದ್ದಾರೆಯೆ ಎಂಬುದನ್ನು ಡಿಮ್ಯಾಂಡ್ ರಿಜಿಸ್ಟರಿನಲ್ಲಿ ನಿಮ್ಮ ಸಾಲನ್ನು ತೆರೆಸಿ ಓದಿಕೊಳ್ಳಿ. ಅಳತೆ ಅಥವಾ ಬಳಕೆ ತಪ್ಪಾಗಿ ದಾಖಲಾಗಿದ್ದರೆ ಪಂಚಾಯತಿಗೆ ಲಿಖಿತ ಆಕ್ಷೇಪಣೆ ಕೊಡಿ. ಪಂಚಾಯತಿಯ ಆದೇಶದಿಂದ ಸಮಾಧಾನವಾಗದಿದ್ದರೆ ಮೂವತ್ತು ದಿನಗಳೊಳಗೆ ತಾಲ್ಲೂಕು ಪಂಚಾಯತಿಯ ಕಾರ್ಯನಿರ್ವಾಹಕ ಅಧಿಕಾರಿಯ ಮುಂದೆ ಮೇಲ್ಮನವಿಗೆ ಹೋಗಬಹುದು. ಪಟ್ಟಿಯ ರಸೀದಿಯೊಂದರಿಂದಲೇ ಮನೆಯ ಒಡೆತನ ಸಾಬೀತಾಗುವುದಿಲ್ಲ. ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯದಲ್ಲಿ ಇದನ್ನೇ ದೊಡ್ಡ ಆಧಾರವೆಂದು ಹಿಡಿದುಕೊಂಡು ಹೋಗುವವರು ಬಹಳ.

ಪ್ರಶ್ನೆ: ನಮ್ಮ ಓಣಿಯ ಸಮುದಾಯ ಭವನದ ಛತ್ತು ಸೋರುತ್ತದೆ. ದುರಸ್ತಿಗೆ ಕೇಳಿದರೆ ‘ಹದಿನೈದನೇ ಹಣಕಾಸಿನ ದುಡ್ಡು ನೀರು ಮತ್ತು ಗಟಾರಕ್ಕೆ ಮಾತ್ರ’ ಎನ್ನುತ್ತಾರೆ. ಇದು ನಿಜವೆ? ಜೊತೆಗೆ, ನಮ್ಮೂರ ಬೋರಿನ ನೀರಿನಲ್ಲಿ ಫ್ಲೋರೈಡ್ ಇದೆಯೆಂದು ಶಾಲೆಯ ಮಾಸ್ತರರು ಹೇಳುತ್ತಾರೆ, ಕುದಿಸಿ ಕುಡಿದರೆ ಸಾಕೆ? (ಶಹಾಪುರ ತಾಲ್ಲೂಕು)

ಉತ್ತರ: ಅರ್ಧಕ್ಕಿಂತ ಹೆಚ್ಚು ನಿಜ, ಪೂರ್ತಿ ನಿಜವಲ್ಲ. 2021-22ರಿಂದ 2025-26ರವರೆಗಿನ ಅವಧಿಗೆ ಹದಿನೈದನೇ ಹಣಕಾಸು ಆಯೋಗವು ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ ನಿಗದಿಪಡಿಸಿದ ಅನುದಾನದಲ್ಲಿ ಶೇ 60 ಭಾಗವನ್ನು ನಿರ್ಬಂಧಿತವೆಂದು ಕಟ್ಟುಹಾಕಿತು. ಅದರಲ್ಲಿ ಅರ್ಧ ನೈರ್ಮಲ್ಯಕ್ಕೆ, ಅರ್ಧ ಕುಡಿಯುವ ನೀರು, ಮಳೆನೀರು ಸಂಗ್ರಹ ಮತ್ತು ನೀರಿನ ಮರುಬಳಕೆಗೆ ಹೋಗಬೇಕು. ಉಳಿದ ಶೇ 40 ಭಾಗ ಅನಿರ್ಬಂಧಿತ. ಅದನ್ನು ಊರಿನ ಅಗತ್ಯಕ್ಕೆ ತಕ್ಕಂತೆ ಬಳಸಬಹುದು, ಆದರೆ ಸಂಬಳ ಮತ್ತು ಕಚೇರಿ ಸಿಬ್ಬಂದಿಯ ವೆಚ್ಚಕ್ಕೆ ಬಳಸುವಂತಿಲ್ಲ. ನಿಮ್ಮ ಭವನದ ಛತ್ತು ಆ ಶೇ 40ರಲ್ಲಿ ಅಥವಾ ಪಂಚಾಯತಿಯ ಸ್ವಂತ ಸಂಪನ್ಮೂಲದಲ್ಲಿ ಬರಬೇಕು, ಮತ್ತು ಅದು ವಾರ್ಡ್ ಸಭೆ, ಗ್ರಾಮ ಸಭೆಗಳ ಮೂಲಕ ವಾರ್ಷಿಕ ಕ್ರಿಯಾ ಯೋಜನೆಯಲ್ಲಿ ಸೇರಿರಬೇಕು. ಕ್ರಿಯಾ ಯೋಜನೆ ಒಮ್ಮೆ ಕೇಂದ್ರದ ಇ-ಗ್ರಾಮಸ್ವರಾಜ್ ಜಾಲತಾಣಕ್ಕೆ ಏರಿದ ಮೇಲೆ ಪಿಡಿಒ ಅವರ ಕೈಯಲ್ಲೂ ಹೆಚ್ಚೇನೂ ಉಳಿಯುವುದಿಲ್ಲ. ಬೇಡಿಕೆ ಇಡುವ ಕಾಲ ಯೋಜನೆ ತಯಾರಾಗುವ ತಿಂಗಳುಗಳೇ ಹೊರತು ಮಳೆ ಶುರುವಾಗಿ ಛತ್ತು ಸೋರುವ ತಿಂಗಳಲ್ಲ.

ಫ್ಲೋರೈಡ್ ಇರುವ ನೀರನ್ನು ಕುದಿಸುವುದರಿಂದ ಪ್ರಯೋಜನವಿಲ್ಲ; ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದದ್ದರಲ್ಲಿ ಫ್ಲೋರೈಡಿನ ಪ್ರಮಾಣ ಏರುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಒಂದು ಲೀಟರಿನಲ್ಲಿ 1 ಮಿಲಿಗ್ರಾಂವರೆಗೆ ಫ್ಲೋರೈಡ್ ಒಪ್ಪತಕ್ಕದ್ದು, ಬೇರೆ ಮೂಲವೇ ಇಲ್ಲದಿದ್ದಾಗ 1.5 ಮಿಲಿಗ್ರಾಂವರೆಗೆ. ಗುಟುಕು ಕುಡಿದರೆ ರುಚಿಯಿಂದ ಇದು ಗೊತ್ತಾಗುವುದಿಲ್ಲ, ಪರೀಕ್ಷೆಯಿಂದಲೇ ತಿಳಿಯಬೇಕು. ಮೊದಲು ಪಂಚಾಯತಿಯಲ್ಲಿರುವ ಕ್ಷೇತ್ರ ಪರೀಕ್ಷಾ ಕಿಟ್‌ನಿಂದ ನೋಡಿಸಿ, ಸಂಶಯ ಬಂದರೆ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಕ್ಕೆ ಮಾದರಿ ಕಳಿಸಲು ಕೇಳಿ. ಆ ವರದಿಯ ಪ್ರತಿಯನ್ನು ನೀರು ಮತ್ತು ನೈರ್ಮಲ್ಯ ಸಮಿತಿಯ ಮುಂದಿಟ್ಟರೆ, ಕೆಟ್ಟು ನಿಂತ ಶುದ್ಧ ನೀರಿನ ಘಟಕದ ದುರಸ್ತಿಗೆ ಶೇ 60ರ ಭಾಗದ ಹಣವನ್ನು ಕೇಳುವುದಕ್ಕೆ ನಿಮ್ಮ ಕೈಯಲ್ಲಿ ಆಧಾರವಿರುತ್ತದೆ.

ಪ್ರಶ್ನೆ: ನಮ್ಮದು ಪಂಚಾಯತಿ ಕೇಂದ್ರದಿಂದ ದೂರ ಇರುವ ತಾಂಡಾ. ಗ್ರಾಮ ಸಭೆಯನ್ನು ತೊಗರಿ ರಾಶಿಯ ದಿನಗಳಲ್ಲಿ ಇಡುತ್ತಾರೆ. ದುಡಿಯುವವರಲ್ಲಿ ಅರ್ಧ ಜನ ಪುಣೆ, ಮುಂಬೈಗಳಲ್ಲಿರುತ್ತಾರೆ, ಉಳಿದವರು ಹೊಲದಲ್ಲಿ. ಮನೆ ಮಂಜೂರಾದವರ ಪಟ್ಟಿ ಆಗಲೇ ಪಾಸಾಗುತ್ತದೆ. (ಚಿಂಚೋಳಿ ತಾಲ್ಲೂಕು)

ಉತ್ತರ: ಗ್ರಾಮ ಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು, ಅದಕ್ಕೂ ಮೊದಲು ವಾರ್ಡ್ ಸಭೆಗಳು ನಡೆಯಬೇಕು, ಜನವಸತಿಗಳ ಮಟ್ಟದಲ್ಲಿ ವಸತಿ ಸಭೆಗೂ ಅಧಿನಿಯಮದಲ್ಲಿ ಅವಕಾಶವಿದೆ. ನೀವು ದೃಷ್ಟಿ ಇಡಬೇಕಾದದ್ದು ದೊಡ್ಡ ಗ್ರಾಮ ಸಭೆಯ ಮೇಲಲ್ಲ, ತಾಂಡಾದಲ್ಲಿಯೇ ನಡೆಯಬೇಕಾದ ಈ ಸಣ್ಣ ಸಭೆಗಳ ಮೇಲೆ. ಫಲಾನುಭವಿಗಳ ಹೆಸರು ಮೊದಲು ಏಳುವುದು ಇಲ್ಲಿ. ಗ್ರಾಮ ಸಭೆಯ ಹೊತ್ತಿಗೆ ಬರುವುದು ಈಗಾಗಲೇ ಬರೆದ ಪಟ್ಟಿ. ಸೇವಾಲಾಲ್ ಜಯಂತಿಗೆ, ಹೋಳಿಗೆ, ದೀಪಾವಳಿಗೆ ದೂರ ಹೋದವರು ಊರಿಗೆ ಬರುತ್ತಾರಲ್ಲ, ಆ ದಿನಗಳ ಆಸುಪಾಸಿನಲ್ಲಿ ವಾರ್ಡ್ ಸಭೆ ಇಡಬೇಕೆಂದು ನಿಮ್ಮ ವಾರ್ಡಿನ ಸದಸ್ಯರಿಗೆ ಲಿಖಿತವಾಗಿ ಕೋರಿ, ಒಂದು ಪ್ರತಿಯನ್ನು ಪಿಡಿಒ ಅವರಿಗೆ ಕೊಡಿ. ಸಭೆಗೆ ಕೋರಂ ಎಂಬ ಮಿತಿಯೂ ಇದೆ. ಅಷ್ಟು ಜನ ಸೇರದಿದ್ದರೆ ಸಭೆಯನ್ನು ಮುಂದೂಡಬೇಕೇ ಹೊರತು, ಸಂಜೆ ಮನೆಮನೆಗೆ ಹೋಗಿ ಹಾಜರಾತಿಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳಬಾರದು.

ನಿಮ್ಮ ತಾಂಡಾ ಕಂದಾಯ ಗ್ರಾಮವೆಂದು ಘೋಷಣೆಯಾದ ಪಟ್ಟಿಯಲ್ಲಿದೆಯೆ ಎಂಬುದನ್ನು ಪತ್ರದಲ್ಲಿ ತಿಳಿಸಿಲ್ಲ. ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು ಮತ್ತು ವಿಜಯಪುರ ಜಿಲ್ಲೆಗಳಲ್ಲಿ ದಾಖಲೆಯಿಲ್ಲದ ಸುಮಾರು 1,475 ಜನವಸತಿಗಳನ್ನು ಹಾಗೆ ಘೋಷಿಸಲಾಯಿತು, ಮತ್ತು 2023ರ ಜನವರಿ 19ರಂದು ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಹಂಚಿಕೆ ಆರಂಭವಾಯಿತು. ನಿಮ್ಮವರಿಗೆ ಹಕ್ಕುಪತ್ರ ಬಂದಿದ್ದರೆ ಅದನ್ನು ಟ್ರಂಕಿನಲ್ಲಿ ಭದ್ರವಾಗಿ ಇಡುವುದಷ್ಟೇ ಸಾಲದು. ಪಂಚಾಯತಿಯ ಆಸ್ತಿ ದಾಖಲೆಯಲ್ಲಿ ಹೆಸರು ಸೇರಿಸಲು ಅರ್ಜಿ ಕೊಡಿ. ಮನೆ ಮಂಜೂರಾತಿಯ ಸಮಯದಲ್ಲಿ ‘ಸ್ವಂತ ನಿವೇಶನವಿಲ್ಲ’ ಎಂಬ ಕಾರಣಕ್ಕೆ ಹೆಸರು ಹಿಂದೆ ಬೀಳುವುದು ತಾಂಡಾಗಳಲ್ಲಿ ಮೊದಲಿನಿಂದ ಬಂದ ಸಂಕಟ.

ಪ್ರಶ್ನೆ: ಮಾಡಿದ ಆರು ತಿಂಗಳಲ್ಲೇ ಸಿಸಿ ರಸ್ತೆ ಕಿತ್ತುಹೋಗಿದೆ. ಲೆಕ್ಕ ನೋಡಬೇಕೆಂದರೆ ಮಾಹಿತಿ ಹಕ್ಕಿನಲ್ಲಿ ಕೇಳು ಎನ್ನುತ್ತಾರೆ. ಬೇರೆ ದಾರಿ ಇಲ್ಲವೆ? (ಬಸವಕಲ್ಯಾಣ ತಾಲ್ಲೂಕು)

ಉತ್ತರ: ಇದೆ, ಮತ್ತು ಅದು ಪಂಚಾಯತಿಯವರೇ ನಿಮ್ಮನ್ನು ಕರೆದು ತೋರಿಸಬೇಕಾದ ದಾರಿ. ಪ್ರತಿವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ನಡುವೆ ಪ್ರತಿ ಗ್ರಾಮ ಪಂಚಾಯತಿಯಲ್ಲಿ ಜಮಾಬಂದಿ ನಡೆಯಬೇಕು. ಹೊರಗಿನ ಅಧಿಕಾರಿಯ ನೇತೃತ್ವದ ತಂಡ ಬಂದು ಹಿಂದಿನ ಆರ್ಥಿಕ ವರ್ಷದ ಜಮಾಖರ್ಚನ್ನು ಊರವರ ಎದುರಿಗೆ ಪರಿಶೀಲಿಸುತ್ತದೆ. ವಹಿಗಳನ್ನು ನೋಡುವುದಕ್ಕೆ, ಪ್ರಶ್ನೆ ಕೇಳುವುದಕ್ಕೆ, ತಂಡದ ಜೊತೆ ಕಾಮಗಾರಿಯ ಸ್ಥಳಕ್ಕೆ ನಡೆದುಕೊಂಡು ಹೋಗುವುದಕ್ಕೆ ಊರಿನ ಯಾರಿಗೂ ಅಡ್ಡಿಯಿಲ್ಲ. ಆದರೆ ಬಹಳ ಕಡೆ ಶಾಲೆಯ ವರಾಂಡದಲ್ಲಿ ಶಾಮಿಯಾನ ಹಾಕಿ, ಸ್ವಾಗತ ಭಾಷಣ ಮುಗಿಸಿ, ಒಟ್ಟು ಮೊತ್ತಗಳನ್ನು ಓದಿ ಚಹಾ ಕೊಟ್ಟು ಕಳಿಸುವುದೇ ಜಮಾಬಂದಿಯಾಗಿದೆ. ಕೇಳುವವರು ಸಿದ್ಧರಾಗಿ ಹೋಗದಿದ್ದರೆ ಇದು ಹೀಗೆಯೇ ಸಾಗುತ್ತದೆ ಎಂಬುದು ನಮ್ಮ ಅಭಿಪ್ರಾಯ.

ನೀವು ಸಿದ್ಧರಾಗುವುದು ಹೀಗೆ. ಮೊದಲು ಟೇಪು ಹಿಡಿದು ರಸ್ತೆಯ ಉದ್ದ, ಅಗಲ ಅಳೆದುಕೊಳ್ಳಿ. ಕಿತ್ತುಹೋದ ಅಂಚಿನಲ್ಲಿ ಕಾಂಕ್ರೀಟಿನ ದಪ್ಪ ಕಣ್ಣಿಗೆ ಕಾಣುತ್ತದೆ, ಅದನ್ನೂ ಸ್ಕೇಲಿನಿಂದ ಅಳೆದು ಫೋಟೊ ತೆಗೆದಿಡಿ. ಜಮಾಬಂದಿಯ ದಿನ ಕೇಳಬೇಕಾದದ್ದು ಆ ಕಾಮಗಾರಿಯ ಅಂದಾಜುಪಟ್ಟಿ, ಠರಾವು, ಅಳತೆ ಪುಸ್ತಕ ಮತ್ತು ಪಾವತಿಯ ವೋಚರ್. ಅಳತೆ ಪುಸ್ತಕವನ್ನು ಎಲ್ಲರೂ ಎಂ.ಬಿ. ಎನ್ನುತ್ತಾರೆ, ಎಂಜಿನಿಯರರು ಅದರಲ್ಲಿ ಬರೆದ ಉದ್ದ, ಅಗಲ, ದಪ್ಪದ ಮೇಲೆಯೇ ಬಿಲ್ ಆಗಿರುತ್ತದೆ. ಅಲ್ಲಿ ಬರೆದ ದಪ್ಪಕ್ಕೂ ನೀವು ಅಳೆದ ದಪ್ಪಕ್ಕೂ ತಾಳೆಯಾಗದಿದ್ದರೆ ಆ ವ್ಯತ್ಯಾಸವನ್ನು ಜಮಾಬಂದಿಯ ವರದಿಯಲ್ಲಿ ಬರೆಸಿ. ‘ರಸ್ತೆ ಕಳಪೆಯಾಗಿದೆ’ ಎಂಬ ದೂರಿಗೆ ‘ಪರಿಶೀಲಿಸಲಾಗುವುದು’ ಎಂಬ ಉತ್ತರ ಸಿಗುತ್ತದೆ, ಸೆಂಟಿಮೀಟರಿನ ಲೆಕ್ಕಕ್ಕೆ ಅಂಥ ಉತ್ತರ ಕೊಟ್ಟು ತಪ್ಪಿಸಿಕೊಳ್ಳುವುದು ಕಷ್ಟ.

ಸೆಪ್ಟೆಂಬರ್ ದಾಟಿಹೋಗಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಪಂಚಾಯತಿಯಲ್ಲಿ ಪಿಡಿಒ ಅವರೇ ಸಾರ್ವಜನಿಕ ಮಾಹಿತಿ ಅಧಿಕಾರಿ. ಅರ್ಜಿಯ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನಗಳ ಗಡುವು, ಅದು ಮೀರಿದರೆ ಮೊದಲ ಮೇಲ್ಮನವಿ ತಾಲ್ಲೂಕು ಪಂಚಾಯತಿಯ ಕಾರ್ಯನಿರ್ವಾಹಕ ಅಧಿಕಾರಿಗೆ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಆದ್ದರಿಂದ ‘ಐದು ವರ್ಷದ ಎಲ್ಲ ಕಾಮಗಾರಿಗಳ ಸಂಪೂರ್ಣ ಮಾಹಿತಿ’ ಎಂದು ಬರೆಯಬೇಡಿ. ಇಂಥ ವರ್ಷದ, ಇಂಥ ಓಣಿಯ ಸಿಸಿ ರಸ್ತೆ ಕಾಮಗಾರಿಯ ಅಂದಾಜುಪಟ್ಟಿ, ಅಳತೆ ಪುಸ್ತಕದ ಸಂಬಂಧಪಟ್ಟ ಪುಟಗಳು ಮತ್ತು ಪಾವತಿ ವೋಚರಿನ ದೃಢೀಕೃತ ಪ್ರತಿಗಳು ಬೇಕೆಂದಷ್ಟೇ ಬರೆಯಿರಿ; ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಆವಕ ಸಂಖ್ಯೆ, ದಿನಾಂಕ ಮತ್ತು ಸೀಲು ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಡಬೇಡಿ.